ಎರಡು ಹೆಸರಿನ ಹುಡುಗರು



ನಮ್ಮ ಹಾಸ್ಟೆಲುಗಳಲ್ಲಿ ಎರಡು ಹೆಸರಿನ ಹುಡುಗರಿದ್ದಾರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಚರ್ಚಿನ ಪುಸ್ತಕದಲ್ಲಿ ಇನ್ನೊಂದು. ಭಾನುವಾರ ಬೆಳಿಗ್ಗೆ ಬೈಬಲನ್ನು ನೋಟ್‌ಬುಕ್ಕುಗಳ ನಡುವೆ ಇಟ್ಕೊಂಡು ಹೋಗ್ತಾರೆ. ಎಲ್ಲಿಗೆ ಅಂದ್ರೆ 'ಪೇಟೆಗೆ' ಅಂತಾರೆ. ಹದಿನೈದು ಹದಿನಾರರ ಈ ಮಕ್ಕಳಿಗೆ ಇಷ್ಟು ಭಯ ಕಲಿಸಿದವರು ಯಾರು?

ಮೊದಲು ಕಲಿಸಿದ್ದು ಕಾನೂನು. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತಗೊಂಡರು. ಕ್ರೈಸ್ತ ದಲಿತರೂ ಮುಸ್ಲಿಂ ದಲಿತರೂ ಹೊರಗೇ ಉಳಿದರು. ಮದರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರ ಮೊಕದ್ದಮೆಯಲ್ಲಿ 1985ರಲ್ಲಿ ಸುಪ್ರೀಂ ಕೋರ್ಟು, ಮತಾಂತರದ ಮೇಲೂ ಅದೇ ಕಷ್ಟ ಅಷ್ಟೇ ತೀವ್ರವಾಗಿದೆ ಎಂದು ತೋರಿಸಿ ಅಂದಿತು. ಕೇರಿ ಅದೇ, ಕಸುಬು ಅದೇ, ಬೈಗುಳವೂ ಅದೇ. ಇನ್ನೇನು ತೋರಿಸಬೇಕು? ಆ ನಿರ್ಬಂಧ ತೆಗೆಯಿರಿ ಎಂದು 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ವರದಿ ಕೊಟ್ಟಿತು. ಸರ್ಕಾರ ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದನ್ನು ನೇಮಿಸಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ನಂಬಿಕೆ ಇಟ್ಟುಕೊಂಡು ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಹೊಟ್ಟೆಯೋ ದೇವರೋ, ಒಂದನ್ನು ಆರಿಸ್ಕೋ ಅಂತ ಹುಡುಗನಿಗೆ ಹೇಳಿದಂತಾಯ್ತು.

ಎರಡನೆಯದಾಗಿ ಕಲಿಸಿದವರು ದೊಣ್ಣೆ ಹಿಡಿದವರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿ ಮಾಡಿದರು. ಅದೇ ಆಗಸ್ಟಿನಲ್ಲಿ ಒಡಿಶಾದ ಕಂಧಮಾಲದಲ್ಲಿ ಪಾಣ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಮಕ್ಕಳು ಶಾಲೆ ಬಿಟ್ಟು ಕಾಡಿಗೆ ಓಡಿದರು, ಪರಿಹಾರ ಶಿಬಿರ ಸೇರಿದರು.

ಮೂರನೆಯ ಪೆಟ್ಟು ಒಳಗಿನದು. ಅದನ್ನೂ ಮುಚ್ಚಿಡಬಾರದು. ಚರ್ಚಿನೊಳಗೂ ಜಾತಿ ಇದೆ. ಕೆಲವು ಊರುಗಳ ಸ್ಮಶಾನದಲ್ಲೂ ಇದೆ. ಇದನ್ನು ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯೇ 2016ರ ತನ್ನ ದಲಿತ ನೀತಿಯಲ್ಲಿ ಒಪ್ಪಿಕೊಂಡಿತು.

ಇಷ್ಟೆಲ್ಲ ಬಿದ್ದ ಹುಡುಗ ಹಿರಿಯರ ಹತ್ತಿರ ಹೋದರೆ ಏನಂತಾರೆ? 'ದೇವರು ಪರೀಕ್ಷೆ ಮಾಡ್ತಿದ್ದಾನೆ, ಸಹಿಸ್ಕೋ.' ಪಾದ್ರಿಗಳೇ, ತಂದೆತಾಯಂದಿರೇ, ಈ ಮಾತಿನಿಂದ ನಂಬಿಕೆ ಉಳಿಯೋದಿಲ್ಲ. ನಿಮ್ಮ ಪುಸ್ತಕದಲ್ಲೇ ಯೋಬನಿದ್ದಾನೆ. ಎಲ್ಲ ಕಳಕೊಂಡು ಬೂದಿಯಲ್ಲಿ ಕೂತು ದೇವರನ್ನೇ ಪ್ರಶ್ನೆ ಕೇಳಿದ. ತಪ್ಪು ನಿನ್ನದೇ ಎಂದು ಉಪದೇಶ ಮಾಡಿದ ಗೆಳೆಯರ ಮೇಲೆ ಕೊನೆಗೆ ದೇವರಿಗೆ ಸಿಟ್ಟು ಬಂತು, ಯೋಬನ ಮೇಲಲ್ಲ. ಪ್ರಶ್ನೆ ಕೇಳುವ ಹುಡುಗ ನಂಬಿಕೆ ಬಿಟ್ಟವನಲ್ಲ. ಅವನ ಬಾಯಿ ಮುಚ್ಚಿಸಿದರೆ ಬಿಡ್ತಾನೆ. ಅವನ ಪ್ರಶ್ನೆಗೆ ಉತ್ತರ ಕೊಡಿ. ಪೀಠದ ಎದುರಿನ ಜಾತಿಯನ್ನು ತೆಗೆದು ಉತ್ತರ ಕೊಡಿ.

ಎರಡು ಹೆಸರಿನ ಹುಡುಗರೇ, ನಿಮಗೆ ದಾನಿಯೇಲನ ಕಥೆ ಗೊತ್ತು. ಅವನನ್ನೂ ಅವನ ಮೂವರು ಗೆಳೆಯರನ್ನೂ ಬಾಬೆಲಿಗೆ ಒಯ್ದು, ಅರಮನೆಯ ಓದಿಗೆ ಹಾಕಿ, ಹೆಸರು ಬದಲಾಯಿಸಿದರು. ಅದೂ ಒಂದು ಹಾಸ್ಟೆಲೇ. ಅವರು ಓದು ಬಿಡಲಿಲ್ಲ, ನಂಬಿಕೆಯನ್ನೂ ಬಿಡಲಿಲ್ಲ. ಒಂಟಿಯಾಗಿರಲಿಲ್ಲ, ನಾಲ್ವರಿದ್ದರು. ನೀವೂ ಒಬ್ಬರನ್ನೊಬ್ಬರು ಹುಡುಕಿಕೊಳ್ಳಿ. ವಾರಕ್ಕೊಮ್ಮೆ ಕೂತು ಓದಿ, ಹಾಡಿ, ಜಗಳಾಡಿ. ಕಾಗದಪತ್ರದ ವಿಷಯ ಬಂದಾಗ ಹೆದರಿ ಸುಳ್ಳು ಬರೆಯಬೇಡಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ನಮ್ಮ ರಾಜ್ಯ ಪ್ರವರ್ಗ-1ರಲ್ಲಿ ಇಟ್ಟಿದೆ. ತಿಳಿದವರನ್ನು ಕೇಳಿ, ಆ ಹಕ್ಕನ್ನು ತಗೊಳ್ಳಿ. ಅದು ಸಾಲದು ಅನ್ನೋದೂ ಗೊತ್ತಿರಲಿ. 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆ ಆ ಸರ್ಟಿಫಿಕೇಟಿಗೆ ಸಿಗೋದಿಲ್ಲ. ಅದಕ್ಕೇ ಹೋರಾಟ.

ಇನ್ನು ಉಳಿದ ನಮಗೆ ಒಂದು ಮಾತು. 'ದೇವರನ್ನು ಬಿಟ್ಟು ಚಳವಳಿಗೆ ಬಾ' ಎಂದು ಈ ಹುಡುಗರನ್ನು ಗೇಲಿ ಮಾಡುವ ಸಂಗಾತಿಗಳು ನಮ್ಮಲ್ಲೂ ಇದ್ದಾರೆ. ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ನಡುವೆ ಇಪ್ಪತ್ತೊಂದು ವರ್ಷ ಓದಿದರು, ತೂಗಿದರು, ಆಮೇಲೆ ಆರಿಸಿಕೊಂಡರು. ಮನುಷ್ಯ ತನ್ನ ಧರ್ಮವನ್ನು ತಾನೇ ಆರಿಸಿಕೊಳ್ಳಬೇಕು ಎನ್ನುವುದು ಅವರು ನಡೆದು ತೋರಿಸಿದ ಪಾಠ. ಸಂವಿಧಾನದ 25ನೇ ವಿಧಿಯಲ್ಲಿರುವುದೂ ಅದೇ. ಬೇರೆಯವರು ಕಸಿಯಲು ಬಂದ ಹಕ್ಕನ್ನು ನಾವೂ ಕಸಿಯೋದಾ?

ಮುಂದಿನ ಭಾನುವಾರ ನಿಮ್ಮ ರೂಮಿನ ಹುಡುಗ ಬೈಬಲನ್ನು ಕೈಯಲ್ಲೇ ಹಿಡಿದು ಗೇಟು ದಾಟಲಿ. ಯಾರಾದರೂ ಅಡ್ಡ ಬಂದರೆ ಅವನ ಪಕ್ಕ ನೀವು ನಿಂತಿರಿ.

ಜೈಭೀಮ್.