ಯಜಮಾನರನ್ನು ಕಳಿಸಿ, ಮೇಡಂ

1983ರಲ್ಲಿ ಬಂದ ಮಾರುತಿ 800 ನಮ್ಮ ಊರುಗಳ ಎಷ್ಟೋ ಹೆಂಗಸರ ಕೈಗೆ ಸ್ಟಿಯರಿಂಗ್ ಕೊಟ್ಟಿತು. 2014ರಲ್ಲಿ ಅದರ ತಯಾರಿಕೆಯೂ ನಿಂತಿತು. ಆದರೆ ಬಾನೆಟ್ ಎತ್ತಿದೊಡನೆ ನಮ್ಮ ಬೆನ್ನ ಹಿಂದೆ ಗಂಡಸನ್ನು ಹುಡುಕುವ ಗ್ಯಾರೇಜಿನವರ ಕಣ್ಣು ಮಾತ್ರ ಬದಲಾಗಿಲ್ಲ. "ವಾಟರ್ ಪಂಪ್ ಸೋರುತ್ತಿದೆ" ಎಂದು ನಾನು ಹೇಳಿದಾಗ ಬಂದ ಉತ್ತರ: "ಯಜಮಾನರನ್ನು ಕಳಿಸಿ ಮೇಡಂ, ಅವರಿಗೆ ಹೇಳ್ತೀನಿ." ಆರ್.ಸಿ. ಪುಸ್ತಕದಲ್ಲಿರುವುದು ನನ್ನ ಹೆಸರು. ನಮ್ಮ ಯಜಮಾನರಿಗೋ, ಆ ಪಂಪು ಎಲ್ಲಿದೆಯೆಂದೇ ಗೊತ್ತಿಲ್ಲ!

ಅದರಲ್ಲೇನು ಬ್ರಹ್ಮವಿದ್ಯೆ? ಇಂಜಿನ್ನಿನ ಬಿಸಿ ಹೊತ್ತ ನೀರು ರೇಡಿಯೇಟರಿಗೆ ಹೋಗಿ, ತಣಿದು ಮರಳಬೇಕು. ಅದನ್ನು ತಳ್ಳುವುದೇ ವಾಟರ್ ಪಂಪ್. ಒಳಗಿನ ಸೀಲು ಸವೆದರೆ ಪಂಪಿನಲ್ಲಿರುವ ಸಣ್ಣ ತೂತಿನಿಂದ ಕೂಲೆಂಟ್ ಜಿನುಗುತ್ತದೆ. ಬೇರಿಂಗ್ ಹೋದರೆ ಕಿರ್ರೆನ್ನುತ್ತದೆ. ಕಾರು ನಿಂತ ಜಾಗದಲ್ಲಿ ಬಣ್ಣದ ಹನಿ, ಮೇಲೇರುವ ಟೆಂಪರೇಚರ್ ಮುಳ್ಳು, ಇವನ್ನು ಗುರುತಿಸಲು ಮೀಸೆ ಬೇಕೇ?

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದದ್ದನ್ನು ಸದ್ದಿನಲ್ಲೇ ಪತ್ತೆಹಚ್ಚುವವರು ನಾವು. ಪ್ರೆಶರ್ ಇಳಿಯದೆ ಅದರ ಮುಚ್ಚಳ ತೆಗೆಯದವರು ಬಿಸಿ ರೇಡಿಯೇಟರಿನ ಮುಚ್ಚಳಕ್ಕೂ ಕೈಹಾಕುವುದಿಲ್ಲ. ಬೋರ್‌ವೆಲ್ ನೀರು ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರ ಕಂಡವರಿಗೆ, ಆ ನೀರನ್ನೇ ಸುರಿಯದೆ ಕಂಪನಿ ಹೇಳಿದ ಕೂಲೆಂಟ್ ಏಕೆ ಹಾಕಿಸಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಸ್ವಲ್ಪ ಸೋರಿದರೇನು, ನೀರು ಹಾಕಿಕೊಂಡು ಓಡಿಸಿ" ಎನ್ನುವವರ ಮಾತು ಕೇಳಬೇಡಿ. ಪಂಪು ಕೈಕೊಟ್ಟು ಇಂಜಿನ್ ಅತಿಯಾಗಿ ಕಾದರೆ ಹೆಡ್ ಗ್ಯಾಸ್ಕೆಟ್ ಸುಡಬಹುದು, ಸಿಲಿಂಡರ್ ಹೆಡ್ಡೇ ಸೊಟ್ಟಗಾಗಬಹುದು. ಪಂಪಿನ ಬೆಲೆಯಲ್ಲಿ ಮುಗಿಯಬೇಕಾದ ಕೆಲಸ ಇಂಜಿನ್ ಬಿಚ್ಚುವ ತನಕ ಬೆಳೆಯುತ್ತದೆ. ಕೆಲವು ಕಾರುಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಅಂಥ ಕಾರಿಗೆ ಬೆಲ್ಟು ಬದಲಿಸುವಾಗಲೇ ಪಂಪನ್ನೂ ಬದಲಿಸಿದರೆ ಬಿಚ್ಚುವ ಕೂಲಿ ಎರಡು ಸಲ ತೆರಬೇಕಾಗಿಲ್ಲ.

ನಾವೇ ಸ್ಪ್ಯಾನರ್ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಕೆಲಸ ಬಲ್ಲವರ ಕೈಗೇ ಕೊಡೋಣ. ಆದರೆ ಯಾವ ಕೆಲಸ, ಏಕೆ, ಎಷ್ಟು ಎಂದು ನಾವೇ ಕೇಳೋಣ. ತೆಗೆದ ಹಳೆಯ ಪಂಪನ್ನು ಕೈಗೆ ತೆಗೆದುಕೊಂಡು ನೋಡೋಣ. ನಮ್ಮೊಡನೆ ಮಾತಾಡಲು ಹಿಂಜರಿಯುವ ಗ್ಯಾರೇಜಿಗೆ ನಮ್ಮ ದುಡ್ಡು ಹೋಗುವುದು ಬೇಡ. ರಾತ್ರಿ ಹೊತ್ತು, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಹೋಗಿರುವಾಗ, ಹೆದ್ದಾರಿ ಬದಿಯಲ್ಲಿ ಆವಿಯೇಳುವ ಬಾನೆಟ್ಟಿನ ಮುಂದೆ ನಿಲ್ಲಬೇಕಾದವರು ನಾವೇ ಅಲ್ಲವೇ?