ಮೋಟಾರಿನ ಹಿಂಬದಿಯ ಸೆಳೆಖಾನೆ

ಆಸ್ಟ್ರೇಲಿಯದ ಒಳನಾಡಿನಲ್ಲಿ ಊರಿಗೂ ಊರಿಗೂ ನಡುವೆ ನೂರಾರು ಕಿಲೋಮೀಟರುಗಳ ಅಂತರವುಂಟು. ಡರ್ಬಿಯಿಂದ ಕುನುನರ್ರಾದ ಕಡೆಗೆ ಸಾಗುವ ಗಿಬ್ ನದಿಯ ರಸ್ತೆಯೊಂದೇ ಸುಮಾರು 660 ಕಿಲೋಮೀಟರು. ಅದರ ಬಹುಭಾಗ ಜಲ್ಲಿ ಮತ್ತು ಮಣ್ಣು. ನೀರು, ಅಡಿಗೆಯ ಸಾಮಾನು, ರಿಪೇರಿಯ ಉಪಕರಣ ಎಲ್ಲವನ್ನೂ ಹೊತ್ತೇ ಹೊರಡಬೇಕು. ಆದುದರಿಂದ ಎಸ್‌ಯುವಿ ವಾಹನದ ಹಿಂಬದಿಗೆ ಪ್ಲೈವುಡ್ಡಿನ ಸೆಳೆಖಾನೆಗಳನ್ನು ತಾವೇ ಕಟ್ಟಿಕೊಳ್ಳುವ ಪರಿಪಾಠ ಅಲ್ಲಿ ಬೆಳೆದಿದೆ. ಇದು ಬಡಗಿಯ ಕೆಲಸವೆಂದು ತೋರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲು ಬಲವಿಜ್ಞಾನದ ಪ್ರಶ್ನೆ, ಬಡಗಿಯ ಮಾತು ಆಮೇಲೆ.

ಹಲಗೆಯ ದಪ್ಪವನ್ನೇ ನೋಡೋಣ. ಗಟ್ಟಿಯಾಗಿರಲೆಂದು ಅನೇಕರು 18 ಮಿಲಿಮೀಟರಿನ ಪ್ಲೈವುಡ್ಡನ್ನು ಆರಿಸುತ್ತಾರೆ. 2400 ಮಿಲಿಮೀಟರ್ ಉದ್ದ, 1200 ಮಿಲಿಮೀಟರ್ ಅಗಲದ ಅಂಥ ಒಂದು ಹಾಳೆಯೇ ಸುಮಾರು 35 ಕಿಲೋಗ್ರಾಂ ತೂಗುತ್ತದೆ. ಬಾಗುವಿಕೆಗೆ ಹಲಗೆ ಒಡ್ಡುವ ತಡೆ ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದಷ್ಟೆ. 12 ಮಿಲಿಮೀಟರಿಗೆ ಇಳಿದರೆ ಆ ತಡೆ ಹತ್ತರಲ್ಲಿ ಮೂರು ಪಾಲಿಗೆ ಕುಸಿಯುತ್ತದೆ. ಹಾಗಾದರೆ ದಪ್ಪ ಹಲಗೆಯವರು ಗೆದ್ದಂತೆಯೆ? ಇಲ್ಲ. ಹರಡಿದ ಭಾರದ ಕೆಳಗೆ ಬಾಗುವಿಕೆ ಆಸರೆಗಳ ನಡುವಣ ಅಂತರದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಎರಡು ಸೆಳೆಖಾನೆಗಳ ನಡುವೆ ಹೇಗೂ ಬೇಕಾದ ಅಡ್ಡಗೋಡೆಯೊಂದು ಆ ಅಂತರವನ್ನು ಅರ್ಧಮಾಡಿದರೆ, ತೆಳುವಾದ ಹಲಗೆಯೂ ಆಸರೆಯಿಲ್ಲದ ದಪ್ಪ ಹಲಗೆಯ ಐದನೆಯ ಒಂದು ಪಾಲಿನಷ್ಟು ಮಾತ್ರ ಬಾಗುತ್ತದೆ. ತೂಕದಲ್ಲಿ ಮೂರನೆಯ ಒಂದು ಪಾಲು ಉಳಿತಾಯ. ದಪ್ಪವನ್ನು ಹಣ ಕೊಟ್ಟು ಕೊಳ್ಳುವುದಕ್ಕಿಂತ ಆಸರೆಯನ್ನು ಬುದ್ಧಿಯಿಂದ ಇಡುವುದು ಲೇಸು.

ತೂಕ ಎಲ್ಲಿ ಕೂರುತ್ತದೆಂಬುದು ಇನ್ನೂ ಸ್ವಾರಸ್ಯದ ವಿಷಯ. ಸಾಮಾನು ಸಹಿತ 120 ಕಿಲೋಗ್ರಾಮಿನ ಪೆಟ್ಟಿಗೆಯ ಗುರುತ್ವಕೇಂದ್ರ ಹಿಂದಿನ ಅಚ್ಚಿಗಿಂತ 60 ಸೆಂಟಿಮೀಟರ್ ಹಿಂದಿದೆಯೆಂದು ಭಾವಿಸಿ. ಲ್ಯಾಂಡ್ ಕ್ರೂಸರ್ 200 ಮತ್ತು 300 ಮಾದರಿಗಳಲ್ಲಿ ಎರಡು ಅಚ್ಚುಗಳ ನಡುವಣ ಅಂತರ 2.85 ಮೀಟರು. ಸನ್ನೆಯ ನಿಯಮವನ್ನು ಹಚ್ಚಿದರೆ, ಮುಂದಿನ ಗಾಲಿಗಳ ಮೇಲಣ ಭಾರ ಸುಮಾರು 25 ಕಿಲೋಗ್ರಾಂ ಕಡಮೆಯಾಗುತ್ತದೆ, ಹಿಂದಿನ ಅಚ್ಚು ಸುಮಾರು 145 ಕಿಲೋಗ್ರಾಂ ಹೆಚ್ಚು ಹೊರುತ್ತದೆ! ಚುಕ್ಕಾಣಿಗೆ ವಿಧೇಯವಾಗಬೇಕಾದ ಗಾಲಿಗಳೇ ಹಗುರವಾದವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಭಾರವಾದ ಸಾಮಾನು ಹಿಂದಿನ ಬಾಗಿಲ ಬಳಿ ಕೈಗೆ ಸುಲಭವಾಗಿ ಸಿಗುವುದು ನಿಜ, ಆದರೆ ಅದರ ನ್ಯಾಯವಾದ ಸ್ಥಾನ ಆಸನದ ಬೆನ್ನಿನ ಪಕ್ಕದಲ್ಲಿ, ನೆಲಕ್ಕೆ ಹತ್ತಿರ.

ಇನ್ನು ಬಂಧನ. ಒಂದು ಮೀಟರ್ ಉದ್ದದ, 50 ಕಿಲೋಗ್ರಾಮಿನ ಸೆಳೆಖಾನೆಯನ್ನು ಪೂರ್ತಿ ಹೊರಗೆಳೆದರೆ ಅದರ ಗುರುತ್ವಕೇಂದ್ರ ಪೆಟ್ಟಿಗೆಯ ಅಂಚಿನಿಂದ ಅರ್ಧ ಮೀಟರ್ ಆಚೆಗೆ ನಿಲ್ಲುತ್ತದೆ. ಒಳಗೆ ಉಳಿದ ಪೆಟ್ಟಿಗೆ 40 ಕಿಲೋಗ್ರಾಮಿನದಾಗಿ, ಅದರ ಕೇಂದ್ರವೂ ಅರ್ಧ ಮೀಟರ್ ಒಳಗಿದ್ದರೆ ತಕ್ಕಡಿ ಯಾವ ಕಡೆ ವಾಲುವುದೆಂದು ಹೇಳಬೇಕೆ? ನೆಲಕ್ಕೆ ಬಿಗಿಯದ ಪೆಟ್ಟಿಗೆ ಮಗುಚಿ ಎಳೆದವನ ಕಾಲ ಮೇಲೆ ಬೀಳುತ್ತದೆ.

ಇದು ನಿಂತ ಗಾಡಿಯ ಮಾತು. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಆ 120 ಕಿಲೋಗ್ರಾಮಿನ ಪೆಟ್ಟಿಗೆಯನ್ನು ತಡೆದು ನಿಲ್ಲಿಸಲು ಸುಮಾರು 1,700 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಆಸನಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 17ನೆಯ ನಿಯಮದಲ್ಲಿ ಹಿಂಬದಿಯ ಸಾಮಾನಿಗಾಗಿ ಒಂದು ಪರೀಕ್ಷೆಯಿದೆ. ಅದರಲ್ಲಿ ಇಡುವುದು 18 ಕಿಲೋಗ್ರಾಮಿನ ಎರಡು ದಿಮ್ಮಿಗಳನ್ನು ಮಾತ್ರ. ನಮ್ಮ ಪೆಟ್ಟಿಗೆ ಅದರ ಮೂರು ಪಟ್ಟಿಗೂ ಮೀರಿದುದು, ಅದರ ಮುಂದೆ ಕುಳಿತವರು ಬಹುಶಃ ಮಕ್ಕಳು. ಮರದ ತಿರುಪುಗಳನ್ನು ನೆಚ್ಚುವವರನ್ನು ಕಂಡರೆ ನಮಗೆ ದಿಗಿಲು. ವಾಹನ ತಯಾರಕರೇ ನೆಲದಲ್ಲಿ ಒದಗಿಸಿರುವ ಬಂಧನಸ್ಥಾನಗಳಿಗೆ, ಅಥವಾ ತೆಗೆದುಹಾಕಿದ ಮೂರನೆಯ ಸಾಲಿನ ಆಸನದ ಬೋಲ್ಟುಗಳ ಜಾಗಕ್ಕೆ, ಉಕ್ಕಿನ ಪಟ್ಟಿಯ ಮೂಲಕ ಪೆಟ್ಟಿಗೆಯನ್ನು ಬಿಗಿಯಬೇಕು. ಅಲೆಅಲೆಯಾದ ಮಣ್ಣುರಸ್ತೆಯ ಕಂಪನಕ್ಕೆ ಸಾಮಾನ್ಯ ನಟ್ಟು ಸಡಿಲವಾದೀತು; ನೈಲಾನ್ ಬಳೆಯಿರುವ ನಟ್ಟು ಒಳ್ಳೆಯದು. ಪೆಟ್ಟಿಗೆಯ ಮುಂದೆ, ಆಸನದ ಬೆನ್ನಿನ ಹಿಂದೆ ಜಾಲರಿಯೊಂದಿದ್ದರೆ ಮೇಲಣ ಸಡಿಲ ಸಾಮಾನಿಗೂ ತಡೆಯಾದೀತು.

ಕಟ್ಟಿ ಮುಗಿಸಿದ ಮೇಲೆ ನೀರು ತುಂಬಿ, ಜನರನ್ನು ಕೂರಿಸಿ, ವಾಹನವನ್ನು ತೂಕದ ಸೇತುವೆಗೆ ಒಯ್ದು ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆಬೇರೆಯಾಗಿ ತೂಗಿಸಬೇಕು. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಅಚ್ಚು ತನ್ನ ಮಿತಿಯನ್ನು ದಾಟಿರುವುದು ಸಾಧ್ಯ.