ಹಸಿರಿಗೂ ಹಂಗಾಮು ಉಂಟು

ಹುಲ್ಲುಹಾಸನ್ನು ಒಂದೇ ಮಟ್ಟಕ್ಕೆ ಕತ್ತರಿಸುವ ಯಂತ್ರ ಹುಟ್ಟಿದ್ದು ಬಟ್ಟೆ ಗಿರಣಿಯ ನೆರಳಿನಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಉಣ್ಣೆ ಬಟ್ಟೆಗೆ ಹೆಸರಾದ ಊರು. ನೇಯ್ದ ಬಟ್ಟೆಯ ಮೇಲೆದ್ದ ನವಿರು ಎಳೆಗಳನ್ನು ಕತ್ತರಿಸಿ ಮೈ ನುಣುಪು ಮಾಡುವ ಯಂತ್ರ ಅಲ್ಲಿನ ಗಿರಣಿಗಳಲ್ಲಿತ್ತು. ಆ ಅಲಗನ್ನೇ ನೆಲದ ಮೇಲೆ ಉರುಳಿಸಿದರೆ ಹುಲ್ಲನ್ನೂ ಹಾಗೆಯೇ ಕತ್ತರಿಸಬಹುದು ಎಂದು ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ ಯೋಚಿಸಿದ, 1830ರಲ್ಲಿ ಪೇಟೆಂಟನ್ನೂ ಪಡೆದ. ನಮ್ಮ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವರಿಗೆ ಈ ಕಥೆ ಹತ್ತಿರದ್ದು ಅನ್ನಿಸಬೇಕು. ಬಟ್ಟೆಗೆ ಬೇಕಾದ ನುಣುಪನ್ನು ನೆಲದಿಂದಲೂ ಬಯಸುವ ರೂಢಿ ಮನೆಮನೆಗೆ ಹಬ್ಬಲು ಆ ಯಂತ್ರವೇ ದಾರಿ ಮಾಡಿತು.

ಅದಕ್ಕೆ ಮೊದಲು ಹುಲ್ಲುಹಾಸು ಜಮೀನುದಾರರ ವೈಭವವಾಗಿತ್ತು. ಕುರಿ ಮೇಯಿಸಿ ಇಲ್ಲವೇ ಕುಡುಗೋಲು ಹಿಡಿದ ಆಳುಗಳನ್ನು ಇಟ್ಟು ಅದನ್ನು ಕಾಯಬೇಕಿತ್ತು. ಉಳುವ ಯೋಗ್ಯತೆಯುಳ್ಳ ನೆಲವನ್ನು ಬೆಳೆಯಿಲ್ಲದೆ ಬಿಡಬಲ್ಲೆ ಎಂಬುದೇ ಆ ಹಸಿರಿನ ಘೋಷಣೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಹುಲ್ಲುಹಾಸು ಮೂಲತಃ ಗೋಮಾಳ, ಆದರೆ ಆಕಳು ಅಲ್ಲಿ ಮೇಯುತ್ತಿದ್ದರೆ ಮನೆಯವರು ಉಳಿತಾಯಸ್ಥರೆಂದು ಕಾಣುತ್ತದೆ, ಹಾಗಾಗಿ ಆಕಳನ್ನು ಹೊರಗಿಟ್ಟರು ಎಂಬುದು ಅವರ ವಾದದ ತಿರುಳು. ಕೃಷ್ಣಾ ತೀರದ ದನದ ತಳಿಗೆ ಹೆಸರಾದ ನಮ್ಮ ಸೀಮೆ ಈ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ದನಕ್ಕೆ ಮೇವಾಗದ ಹುಲ್ಲಿಗೆ ನೀರು ಹಾಯಿಸುವ ಪದ್ಧತಿ ನಮ್ಮ ಒಕ್ಕಲುತನದಲ್ಲಿ ಎಂದೂ ಇರಲಿಲ್ಲ.

ಈಗ ಆ ಆಸೆ ಇಲ್ಲಿಗೂ ಬಂದಿದೆ. ಜಮಖಂಡಿ, ಮುಧೋಳದ ಹೊಸ ಬಡಾವಣೆಗಳಲ್ಲಿ ಗೇಟಿನ ಒಳಗೆ ನಾಲ್ಕು ಹೆಜ್ಜೆ ಹಸಿರು ಹಾಸು ಇದ್ದರೆ ಮನೆಗೆ ಕಳೆ ಎಂಬ ಭಾವನೆ ಬೆಳೆಯುತ್ತಿದೆ. ಮಂಗಲ ಕಾರ್ಯಾಲಯಗಳಿಗೂ ಲಾನ್ ಬೇಕು. ಈ ಬಯಕೆಯನ್ನು ಬರೀ ಒಣ ಪ್ರತಿಷ್ಠೆ ಎಂದು ತಳ್ಳಿಹಾಕುವುದು ಸರಿಯಲ್ಲ. ಬೇಸಿಗೆಯಲ್ಲಿ ಕಣ್ಣಿಗೆ ರಾಚುವ ಬಯಲು, ಮನೆಯೊಳಗೆ ನುಗ್ಗುವ ಧೂಳು, ಬರಿಗಾಲಿಗೆ ಸುಡುವ ನೆಲ ಇವನ್ನೆಲ್ಲ ಕಂಡವರು ತಂಪು ಬಯಸುವುದು ಸಹಜ. ಮಕ್ಕಳು ಬಿದ್ದರೆ ಮೊಣಕಾಲು ಕೆತ್ತದ ನೆಲ ಇರಲಿ ಎಂದು ತಂದೆತಾಯಿ ಬಯಸುವುದೂ ಸಹಜ. ಆ ಬಯಕೆಗಳು ನ್ಯಾಯವಾದವು. ಅವನ್ನು ತೀರಿಸಲು ಆರಿಸಿಕೊಂಡ ಹುಲ್ಲು ಮಾತ್ರ ಈ ನೆಲದ ಲೆಕ್ಕಕ್ಕೆ ಹೊಂದುವುದಿಲ್ಲ.

ಲೆಕ್ಕವನ್ನೇ ನೋಡೋಣ. ಬೆಳೆಗೆ ಎಷ್ಟು ನೀರು ಬೇಕೆಂದು ನೀರಾವರಿ ವಿಜ್ಞಾನ ಅಳೆಯುವುದೇ ಹುಲ್ಲನ್ನು ಮಾನದಂಡವಾಗಿ ಇಟ್ಟುಕೊಂಡು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ ಮಾರ್ಗದರ್ಶಿಯು 12 ಸೆಂ.ಮೀ. ಎತ್ತರದ, ನೀರಿನ ಕೊರತೆಯಿಲ್ಲದ ಹುಲ್ಲು ನೆಲದ ಬಾಯಾರಿಕೆಯನ್ನು 1 ಎಂದು ಹಿಡಿಯುತ್ತದೆ. ಆ ಅಳತೆಯಲ್ಲಿ ತುಂಬು ಬೆಳವಣಿಗೆಯ ಕಬ್ಬಿನ ಬೇಡಿಕೆ 1.25, ಬಿಸಿ ಸೀಮೆಯ ಹುಲ್ಲುಹಾಸಿನದು 0.85. ಅಂದರೆ ಲಾನ್ ಕುಡಿಯುವ ನೀರು ಕಬ್ಬು ಕುಡಿಯುವುದರ ಮೂರರಲ್ಲಿ ಎರಡು ಪಾಲು. ನಮ್ಮಲ್ಲಿ ಕಬ್ಬಿನ ನೀರಿನ ಬಗ್ಗೆ ಸಭೆಗಳಾಗುತ್ತವೆ, ವಾದಗಳಾಗುತ್ತವೆ. ಕಬ್ಬಾದರೂ ಮಹಾಲಿಂಗಪುರದ ಪೇಟೆಗೆ ಬೆಲ್ಲವಾಗಿ ಬರುತ್ತದೆ, ಅದರ ವಾಡೆ ದನಕ್ಕೆ ಮೇವಾಗುತ್ತದೆ. ಅಂಗಳದ ಹುಲ್ಲಿನ ನೀರಿಗೆ ಅಂಥ ಉತ್ತರ ಇಲ್ಲ.

ಒಂದು ಗುಂಟೆ ಹುಲ್ಲುಹಾಸು ಎಂದುಕೊಳ್ಳಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಅದು ದಿನಕ್ಕೆ ಸುಮಾರು 5 ಮಿ.ಮೀ. ನೀರು ಕೇಳುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಎಂದರೆ ಒಂದು ಲೀಟರ್. ಗುಂಟೆಗೆ 101 ಚದರ ಮೀಟರ್. ಹೀಗೆ ದಿನವೊಂದಕ್ಕೆ 500 ಲೀಟರ್ ಬೇಕಾಯಿತು. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಗುರಿ 55 ಲೀಟರ್. ಒಂಬತ್ತು ಜನರ ಪಾಲು ಒಂದು ಗುಂಟೆ ಹುಲ್ಲಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿ.ಮೀ.ಗಿಂತ ಕಡಿಮೆ, ಬಿಸಿಲು ಮತ್ತು ಗಾಳಿ ನೆಲದಿಂದ ಎಳೆದುಕೊಳ್ಳಬಲ್ಲ ನೀರು 1500 ಮಿ.ಮೀ.ಗೂ ಹೆಚ್ಚು. ವರ್ಷವಿಡೀ ಹಸಿರು ಕಾಯುವುದೆಂದರೆ ಈ ಅಂತರವನ್ನು ಬೇರೆಲ್ಲಿಂದಲೋ ತಂದ ನೀರಿನಿಂದ ತುಂಬುವುದು.

ಆ ನೀರು ಎಲ್ಲಿಂದ ಬರಬೇಕೆಂಬುದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಮ್ಮದೇ ಹಣ ಹಾಕಿ, ತಮ್ಮದೇ ರಟ್ಟೆಯಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ಬ್ಯಾರೇಜ್ ಸಿದ್ದು ಎಂದೇ ಹೆಸರಾದರು. ಬೀಳಗಿಯ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಎದ್ದು ಹೋದವು. 2019ರ ಆಗಸ್ಟಿನಲ್ಲಿ ಊರೊಳಗೇ ನುಗ್ಗಿದ ಅದೇ ನದಿ ಬೇಸಿಗೆಯಲ್ಲಿ ಬತ್ತಿದಾಗ ಕೊಯ್ನಾ ಜಲಾಶಯದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳಬೇಕಾಗುತ್ತದೆ. ಇಷ್ಟು ಬೆವರು, ಇಷ್ಟು ತ್ಯಾಗ, ಇಷ್ಟು ವಿನಂತಿಯ ಮೇಲೆ ಬರುವ ನೀರಿಗೆ ಅಂಗಳದಲ್ಲಿ ತಕ್ಕ ಮರ್ಯಾದೆ ಸಿಗಬೇಕು.

ನೆಲವೂ ತನ್ನ ಮಾತು ಹೇಳುತ್ತದೆ. ಮುಧೋಳ, ಜಮಖಂಡಿಯ ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಗೋಡೆಗೆ ತಾಗಿಸಿ ಹುಲ್ಲು ಹಾಸಿ ದಿನವೂ ನೀರುಣಿಸಿದರೆ ಅಡಿಪಾಯದ ಒಂದು ಬದಿ ಉಬ್ಬಿ ಇನ್ನೊಂದು ಬದಿ ಕುಗ್ಗಿ ಗೋಡೆ ಸೀಳುವ ಭಯವಿದೆ. ಕಾಲುವೆ ನೀರನ್ನು ಬಸಿಗಾಲುವೆಯಿಲ್ಲದೆ ಅತಿಯಾಗಿ ಉಣಿಸಿದ ಹೊಲಗಳು ಸವಳು-ಜವಳಾಗಿ ಬೆಳ್ಳಗೆ ಉಪ್ಪು ಕಾರಿದ್ದನ್ನು ಕೃಷ್ಣಾ, ಘಟಪ್ರಭಾ ದಂಡೆಯ ರೈತರು ಕಣ್ಣಾರೆ ಕಂಡಿದ್ದಾರೆ. ಹೊಲ ಕಲಿಸಿದ ಆ ಪಾಠ ಅಂಗಳಕ್ಕೂ ಅನ್ವಯಿಸುತ್ತದೆ.

ನರ್ಸರಿಗಳಲ್ಲಿ ಬರ್ಮುಡಾ ಎಂದು ಮಾರುವ ಹುಲ್ಲು ನಮ್ಮ ಕರಿಕಿಯ ಕುಲದ್ದೇ. ಹೊಲಕ್ಕೆ ಕರಿಕಿ ಬಿದ್ದರೆ ರೈತ ಬುಡ ಸಮೇತ ಅಗೆದು, ಬೇರು ಆಯ್ದು, ಒಣಗಿಸಿ ಸುಡುತ್ತಾನೆ. ಗಣೇಶ ಚೌತಿಗೆ ಅದರದೇ 21 ಎಳೆ ದೇವರಿಗೆ ಏರುತ್ತದೆ. ಬದುವಿನಲ್ಲಿದ್ದರೆ ಮಣ್ಣು ಹಿಡಿಯುತ್ತದೆ, ದನಕ್ಕೆ ಮೇವು. ಹಿರಿಯರು ಹುಲ್ಲನ್ನು ದ್ವೇಷಿಸಲಿಲ್ಲ, ಅದಕ್ಕೊಂದು ಜಾಗ ತೋರಿಸಿದರು. ಹುಲ್ಲಿನ ನಿಜವಾದ ಚೆಲುವು ನೋಡಬೇಕೆಂದರೆ ಬೀಳಗಿ-ಮುಧೋಳದ ನಡುವಿನ ಯಡಹಳ್ಳಿಗೆ ಹೋಗಬೇಕು. ಅಲ್ಲಿನ ಕುರುಚಲು ಕಾಡು ಮತ್ತು ಹುಲ್ಲುಗಾವಲು 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವಾಯಿತು. ತಿನ್ನುವ ಎಲೆಚಿಗುರಿನ ತೇವದಲ್ಲೇ ಬಹುಪಾಲು ನೀರಡಿಕೆ ತೀರಿಸಿಕೊಳ್ಳಬಲ್ಲ ಪ್ರಾಣಿ ಚಿಂಕಾರ. ಅಲ್ಲಿ ಹುಲ್ಲಿಗೆ ಯಾರೂ ನೀರು ಹಾಕುವುದಿಲ್ಲ. ಮಳೆ ಬಿದ್ದಾಗ ಎದ್ದು, ತೆನೆ ಕಟ್ಟಿ, ಬೇಸಿಗೆಗೆ ಹೊಂಬಣ್ಣಕ್ಕೆ ತಿರುಗಿ, ಬೇರಿನಲ್ಲಿ ಜೀವ ಹಿಡಿದುಕೊಂಡು ಮುಂದಿನ ಮುಂಗಾರಿಗೆ ಕಾಯುತ್ತದೆ.

ನಾನು ಹೇಳಬೇಕೆಂದಿರುವುದು ಇದನ್ನೇ: ಹಸಿರಿಗೂ ಹಂಗಾಮು ಉಂಟು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಎಂದು ವರ್ಷವನ್ನು ಪಾಲು ಹಾಕಿಕೊಂಡ ಸೀಮೆ ನಮ್ಮದು. ಮಣ್ಣಿನಲ್ಲಿ ಉಳಿದ ಹಸಿಯೊಂದರ ಮೇಲೆಯೇ ಜೋಳದ ತೆನೆ ತುಂಬುವ ಬೆರಗು ಇಲ್ಲಿ ಪ್ರತಿವರ್ಷ ನಡೆಯುತ್ತದೆ. ಹೊಲ ಬೇಸಿಗೆಯಲ್ಲಿ ಖಾಲಿಯಾದರೆ ಯಾರಿಗೂ ಕೀಳು ಅನ್ನಿಸುವುದಿಲ್ಲ. ಅಂಗಳ ಮಾತ್ರ ಹನ್ನೆರಡು ತಿಂಗಳೂ ಹಸಿರಾಗಿರಬೇಕೆಂಬ ಹಟ ಏಕೆ?

ಹಾಗಾದರೆ ಹುಲ್ಲಿನ ಬದಲು ಏನು? ಪ್ರತಿ ಬಯಕೆಗೂ ಇಲ್ಲಿಯದೇ ಉತ್ತರವಿದೆ. ತಂಪು ಬೇಕಿದ್ದರೆ ಒಂದು ಬೇವು ಹಚ್ಚಿ. ಮೊದಲ ಎರಡು-ಮೂರು ಬೇಸಿಗೆ ನೀರು ಕೊಟ್ಟರೆ ಮುಂದೆ ಅದೇ ಮನೆಗೆ ನೆರಳು ಕೊಡುತ್ತದೆ. ಅಡಿಪಾಯದಿಂದ ದೂರವಿರಲಿ, ಅಷ್ಟೇ. ಮಕ್ಕಳ ಆಟಕ್ಕೆ ಗರಸು ಹಾಕಿ ಬಡಿದ ನೆಲ, ಅದರ ಮೇಲೊಂದಿಷ್ಟು ಉಸುಕು ಸಾಕು. ಧೂಳಿಗೆ ನಮ್ಮ ತಾಯಂದಿರು ಕಂಡುಕೊಂಡ ಮದ್ದು ಸಗಣಿಯ ಸಾರಣೆ. ನಸುಕಿನಲ್ಲಿ ಥಳಿ ಹೊಡೆದು ರಂಗೋಲಿ ಹಾಕಿದ ಅಂಗಳ ಒಂದೆರಡು ಕೊಡ ನೀರಿನಲ್ಲಿ ಲಕ್ಷಣವಾಗಿ ನಿಲ್ಲುತ್ತದೆ. ಕಣ್ಣಿಗೆ ಹಸಿರು ಬೇಕಿದ್ದರೆ ಹಿತ್ತಲಲ್ಲಿ ಪುಂಡಿ, ರಾಜಗಿರಿ, ಮೆಂತೆ ಬೆಳೆಯಲಿ. ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿಯಂತೂ ತಾನಾಗಿ ಏಳುವ ಸೊಪ್ಪು. ಚೆಂಡು ಹೂವು ದೀಪಾವಳಿಯ ಹೊತ್ತಿಗೆ ಅರಳುತ್ತದೆ. ಬಚ್ಚಲ ನೀರು ಬಾಳೆ, ಕರಿಬೇವು, ನುಗ್ಗೆಯ ಬುಡಕ್ಕೆ ಹರಿಯಲಿ.

ಬದಲಿಗಳಲ್ಲೂ ಎಚ್ಚರ ಬೇಕು. ಪ್ಲಾಸ್ಟಿಕ್ ಹುಲ್ಲಿಗೆ ನೀರು ಬೇಡ ನಿಜ, ಆದರೆ ನಮ್ಮ ಬಿಸಿಲಿಗೆ ಅದು ಕಾಲಿಡಲಾಗದಷ್ಟು ಕಾಯುತ್ತದೆ, ಕೆಲವು ವರ್ಷಕ್ಕೆ ಹರಿದು ಕಸವಾಗುತ್ತದೆ. ಇಡೀ ಅಂಗಳಕ್ಕೆ ಪೇವರ್ ಹಾಸಿದರೆ ಮಳೆ ಇಂಗುವ ದಾರಿ ಬಹಳಮಟ್ಟಿಗೆ ಮುಚ್ಚುತ್ತದೆ, ಆ ಹಾಸು ರಾತ್ರಿಯೂ ಕಾವು ಉಗುಳುತ್ತದೆ. ಹಳದಿ ಹೂವಿನ ವೆಡೇಲಿಯಾ ಬಳ್ಳಿ ಬೇಗ ಹಬ್ಬಿ ನೆಲ ಮುಚ್ಚುತ್ತದೆಂದು ಹಲವರು ನೆಡುತ್ತಾರೆ. ಅದು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಸಸ್ಯ. ಕಾಲುವೆ, ಹಳ್ಳದ ಊರಿಗೆ ಅದನ್ನು ತರಬಾರದು.

ಹುಲ್ಲುಹಾಸನ್ನು ಹುಟ್ಟಿಸಿದ, ಬೆಳೆಸಿದ ದೇಶಗಳೇ ಈಗ ಮರುಚಿಂತನೆಯಲ್ಲಿವೆ. ನಾಸಾದ ನೆರವಿನಿಂದ 2005ರಲ್ಲಿ ನಡೆದ ಅಂದಾಜಿನಂತೆ ಅಮೆರಿಕದ ಹುಲ್ಲುಹಾಸಿನ ವಿಸ್ತೀರ್ಣ ಅಲ್ಲಿನ ನೀರಾವರಿ ಮೆಕ್ಕೆಜೋಳದ ಸುಮಾರು ಮೂರುಪಟ್ಟು. ನೆವಾಡಾ ರಾಜ್ಯ 2021ರಲ್ಲಿ ಕಾನೂನು ಮಾಡಿ, ಯಾರೂ ಆಡದ, ಕೂರದ ಅಲಂಕಾರದ ಹುಲ್ಲಿಗೆ ಲಾಸ್ ವೇಗಸ್ ಸೀಮೆಯ ರಸ್ತೆಬದಿ, ಕಚೇರಿ ಆವರಣಗಳಲ್ಲಿ ಕೊಲೊರಾಡೊ ನದಿಯ ನೀರು ಬಳಸುವುದನ್ನು ನಿಲ್ಲಿಸಲು ಗಡುವು ಹಾಕಿತು. ಬೆಂಗಳೂರಿನ ಜಲಮಂಡಳಿಯೂ 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದಿತು. ದಂಡದ ಹಂತ ತಲುಪುವ ಮೊದಲೇ ನಮ್ಮ ಊರುಗಳು ವಿವೇಕ ತೋರಬಹುದು. ಆಟದ ಮೈದಾನಕ್ಕೆ ಹುಲ್ಲು ಇರಲಿ, ಅಲ್ಲಿ ನೂರಾರು ಮಕ್ಕಳ ಕಾಲು ಆಡುತ್ತದೆ, ಸಂಸ್ಕರಿಸಿದ ನೀರು ಅದಕ್ಕೆ ಸಾಕು. ಸರ್ಕಾರಿ ಕಚೇರಿ, ಕಾರ್ಖಾನೆ, ಮಂಗಲ ಕಾರ್ಯಾಲಯಗಳ ಮುಂದಿನ ಅಲಂಕಾರದ ಹುಲ್ಲು ಮೊದಲು ಹೋಗಲಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಎರಿ ಮಣ್ಣಿಗೆ ಒಂದು, ಮಡ್ಡಿ ನೆಲಕ್ಕೆ ಒಂದು ಎಂದು ಕಡಿಮೆ ನೀರಿನ ಮಾದರಿ ಅಂಗಳಗಳನ್ನು ಬೆಳೆಸಿ ತೋರಿಸಿದರೆ ನೋಡಿ ಕಲಿಯುವವರು ಬಹಳ ಜನ.

ಹೊಸ ಮನೆಯ ನಕಾಶೆ ಹಿಡಿದು ಕೂತವರು ಎಂಜಿನಿಯರನ್ನು ದೇವರ ಕೋಣೆ ಎಲ್ಲಿ, ಬಾವಿ ಎಲ್ಲಿ ಎಂದು ತಪ್ಪದೆ ಕೇಳುತ್ತಾರೆ. ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಈ ಅಂಗಳ ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಕೇಳುತ್ತದೆ? ಉತ್ತರ ಎರಡು-ಮೂರು ಕೊಡದೊಳಗೆ ಇದ್ದರೆ ಆ ಮನೆ ಈ ಸೀಮೆಗೆ ಒಪ್ಪುವ ಮನೆ.